ಮೂರು ಸೀಮೆಯ ವಿಸ್ಕಿ, ಒಂದೇ ಮೂಗು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾರ್ಖಾನೆಯ ಹಿಂಬದಿಯ ಕೋಣೆಯಲ್ಲಿ ಉದ್ದನೆಯ ಬಿಳಿ ಮೇಜಿನ ಮುಂದೆ ಕುಳಿತ ಹೆಂಗಸು ಮೊದಲು ಮಾಡುವ ಕೆಲಸವೆಂದರೆ ತಮ್ಮ ಮೊಣಕೈ ಮಡಿಕೆಯನ್ನೇ ಮೂಸಿ ನೋಡುವುದು. ಪತ್ರಿಕೆಗೆ ಬರೆಯಲು ಬಂದ ನಾನು ಬೆಪ್ಪಾಗಿ ನೋಡುತ್ತೇನೆ. "ತೂಕ ಮಾಡೋಕೆ ಮುಂಚೆ ತಕ್ಕಡಿ ಸರಿ ಇದೆಯಾ ಅಂತ ನೋಡಲ್ವಾ, ಹಾಗೆ," ಎನ್ನುತ್ತಾರೆ ಅವರು. "ಮೂಗಿಗೆ ಗೊಂದಲ ಆದಾಗೆಲ್ಲ ನನ್ನ ಮೈ ವಾಸನೆಗೆ ವಾಪಸ್ ಬರ್ತೀನಿ. ಅಲ್ಲಿಂದ ಮತ್ತೆ ಶುರು."

ಕಾರ್ಖಾನೆಯವರೆಲ್ಲ ಇವರನ್ನು ಕರೆಯುವುದು ಮೂಗಿನಕ್ಕ ಎಂದೇ. ಬೇರೆ ಬೇರೆ ಸೀಮೆಗಳಿಂದ ಪೀಪಾಯಿಗಳಲ್ಲಿ ಬರುವ ವಿಸ್ಕಿಯನ್ನು ಮೂಸಿ, ಹೋಲಿಸಿ, ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ಹೇಳುವುದು ಇವರ ಕೆಲಸ. ದಿನಕ್ಕೆ ಅರವತ್ತು ಎಪ್ಪತ್ತು ಗ್ಲಾಸು. ಇವರು ಹೂಂ ಎಂದರೆ ತೊಟ್ಟಿಯ ನಲ್ಲಿ ತೆರೆಯುತ್ತದೆ, ಊಹೂಂ ಎಂದರೆ ಇಡೀ ತೊಟ್ಟಿ ಕಾಯುತ್ತದೆ. ಕಳೆದ ವರ್ಷ ಜ್ವರ ಬಂದು ಮೂಗು ಕೈಕೊಡುವವರೆಗೆ ಹಾಗೇ ನಡೆದಿತ್ತು. ಆಗಿನಿಂದ ಅವರು ಲೇಬಲ್ ಅಂಟಿಸುವ ವಿಭಾಗದಲ್ಲಿದ್ದಾರೆ. ಇವತ್ತು ಈ ಮೇಜಿಗೆ ಬಂದಿರುವುದು ಪರೀಕ್ಷೆಗೆ. ಪಾಸಾದರೆ ಕುರ್ಚಿ ವಾಪಸ್. ಇಲ್ಲದಿದ್ದರೆ ಬೇರೆಯವರು ಬರುತ್ತಾರೆ, ಇವರಿಗೆ ಲೇಬಲ್ಲೇ ಖಾಯಂ.

ಪರೀಕ್ಷೆ ಮಾಡುವ ಯಜಮಾನರು ಇನ್ನೂ ಬಂದಿಲ್ಲ. ಅಷ್ಟರಲ್ಲಿ ನಾನು ಹಳೆಯ ಕಥೆ ಕೆದಕುತ್ತೇನೆ. ಮೂಗಿನಕ್ಕ ಇಲ್ಲಿಗೆ ಬಂದದ್ದು ಗ್ಲಾಸು ತೊಳೆಯಲು. ತೊಳೆಯುವ ಮುಂಚೆ ಒಂದೊಂದನ್ನೂ ಮೂಸುವ ಚಾಳಿ. ಮೂಸಿದ ಮೇಲೆ ಸುಮ್ಮನಿರಲಾಗದೆ ಕಡಲ ಕಡೆಯದು ಒಂದು ಸಾಲು, ಗುಡ್ಡದ ಕಡೆಯದು ಇನ್ನೊಂದು ಸಾಲು ಎಂದು ಜೋಡಿಸಿಡುತ್ತಿದ್ದರು. ಒಂದು ದಿನ ಯಜಮಾನರು ಆ ಸಾಲುಗಳನ್ನು ನೋಡಿ, "ಇದನ್ನ ಯಾರು ಜೋಡಿಸಿದ್ದು?" ಎಂದು ಕೂಗಿದರಂತೆ. "ಬೈತಾರೆ ಅಂತ ಸೋಪಿನ ಬುಟ್ಟಿ ಹಿಂದೆ ಅವಿತ್ಕೊಂಡೆ," ಎಂದು ಈಗ ನಗುತ್ತಾರೆ.

ಎಲ್ಲವೂ ಅದೇ ಬಾರ್ಲಿಯಿಂದ ಆದದ್ದಲ್ಲವೇ, ಸೀಮೆ ಬದಲಾದರೆ ಅಂಥದ್ದೇನು ವ್ಯತ್ಯಾಸ ಎಂದು ಕೇಳಿದ್ದೇ ತಡ, ಅವರ ಕಣ್ಣು ಅರಳುತ್ತದೆ. "ಅಯ್ಯೋ, ಒಂದೇ ತಾಯಿ ಮಕ್ಕಳು ಒಂದೇ ಥರ ಇರ್ತಾರಾ? ಕಡಲ ಕಡೆಯದು ಗಟ್ಟಿ ಗಂಟಲಿನ ಭಾವ ಇದ್ದ ಹಾಗೆ. ಗೇಟಲ್ಲಿರುವಾಗ್ಲೇ ಬಂದ ಅಂತ ಗೊತ್ತಾಗುತ್ತೆ. ಹೊಗೆ, ಉಪ್ಪು, ಒದ್ದೆ ಹಗ್ಗ. ಗುಡ್ಡದ್ದು ಹೊಸ ಸೊಸೆ. ಮೊದಲು ಬಾಯೇ ಬಿಡಲ್ಲ. ಒಂದು ಹನಿ ನೀರು ಹಾಕಿ ಕಾಯ್ಬೇಕು, ಆಮೇಲೆ ಜೇನು, ಸೇಬು, ಒಣಹುಲ್ಲು ಅಂತ ಒಂದೊಂದೇ ಹೇಳ್ತಾಳೆ. ಬಯಲಿಂದು ಸೋದರಮಾವ. ಎಲ್ರ ಜೊತೆಗೂ ಹೊಂದ್ಕೊಂಡು ಹೋಗ್ತಾನೆ, ಪಾಪ."

ಇಷ್ಟೆಲ್ಲ ಬಲ್ಲವರು ಕುಡಿಯುವುದು ಎಷ್ಟು? ಒಂದು ಗುಟುಕೂ ಇಲ್ಲ. ನಾಲಿಗೆಯ ತುದಿಗೆ ತಾಗಿಸಿ ಬಕೆಟ್ಟಿಗೆ ಉಗಿಯುತ್ತಾರೆ, ಅಷ್ಟೇ. ಮೂಗನ್ನು ಕಾಯಲು ಮನೆಯವರೆಲ್ಲರೂ ವ್ರತ ಹಿಡಿದವರಂತೆ ಬದುಕುತ್ತಾರೆ. ಪರಿಮಳದ ಸೋಪಿಲ್ಲ, ಪೌಡರ್ ಇಲ್ಲ. ಗಂಡ ಹಸಿ ಈರುಳ್ಳಿ ತಿನ್ನಬೇಕೆನಿಸಿದರೆ ತಟ್ಟೆ ಹಿಡಿದು ಪಕ್ಕದ ಮನೆಯ ಮೆಟ್ಟಿಲಿಗೆ ಹೋಗುತ್ತಾರಂತೆ.

ಜ್ವರದ ಮಾತು ಬಂದಾಗ ಮಾತ್ರ ದನಿ ತಗ್ಗುತ್ತದೆ. ಮೊದಲು ಏನೂ ವಾಸನೆ ಇರಲಿಲ್ಲ. ಆಮೇಲೆ ಬಂದದ್ದು ಇನ್ನೂ ಕೆಟ್ಟದ್ದು. ಅನ್ನ, ಸೋಪು, ವಿಸ್ಕಿ, ಕೊನೆಗೆ ತಮ್ಮ ಮೈ ಕೂಡ ಕಾಗದದ ವಾಸನೆ. ಯಾರೂ ಕೇಳುವ ಮುಂಚೆ ತಾವೇ ಹೋಗಿ ಯಜಮಾನರಿಗೆ ಹೇಳಿದರು. "ಸುಳ್ಳು ಹೇಳಿ ಕೂತ್ಕೊಂಡಿದ್ರೆ ಒಂದು ತೊಟ್ಟಿ ಕೆಟ್ಟು ಹೋಗ್ತಿತ್ತು. ಅದು ನನ್ನ ಕೈಲಾಗಲ್ಲ."

ಕೈಬಿಡದೆ ಹಿಡಿದವರು ಅತ್ತೆ. ಬೆಳಗಾದರೆ ಸಾಕು, ಸೊಸೆಯ ಕಣ್ಣಿಗೆ ಟವೆಲು ಕಟ್ಟಿ ಮೂಗಿನ ಕೆಳಗೆ ಲವಂಗ, ನಿಂಬೆ ಸಿಪ್ಪೆ, ಇದ್ದಿಲು ಹಿಡಿಯುತ್ತಿದ್ದರು. ತಿಂಗಳುಗಟ್ಟಲೆ ಒಂದೇ ಉತ್ತರ: ಕಾಗದ. "ನನ್ನ ಸೊಸೆ ಮೂಗು ಕದ್ದೋರ ಮನೆ ಹಾಳಾಗ!" ಎಂದು ಅತ್ತೆ ಗಾಳಿಗೆ ಶಾಪ ಹಾಕುತ್ತಿದ್ದರಂತೆ. ಕಳೆದ ತಿಂಗಳು ಒಂದು ಬೆಳಗ್ಗೆ ಸೊಸೆ ತಡವರಿಸಿ, "ನಿಂಬೆ... ಅಲ್ಲ ಅತ್ತೆ, ನಿಂಬೆ ಹಿಂಡಿದ ಕೈ," ಎಂದರು. ಅತ್ತೆ ಸಿಪ್ಪೆ ಮರೆತು ಬಂದು ಬರಿಗೈ ಹಿಡಿದಿದ್ದರು. ಇಬ್ಬರೂ ಅಡುಗೆಮನೆಯಲ್ಲೇ ಕೂತು ಅತ್ತರಂತೆ.

ಯಜಮಾನರು ಟ್ರೇ ಹಿಡಿದು ಬರುತ್ತಾರೆ. ಈ ಕಾರ್ಖಾನೆಯ ವಿಸ್ಕಿಯನ್ನೆಲ್ಲ ಬೆರೆಸುವ ಹಿರಿಯರು, ಅಂದು ಆ ಗ್ಲಾಸಿನ ಸಾಲು ನೋಡಿ ಮೂಗಿನಕ್ಕನಿಗೆ ಕೆಲಸ ಕಲಿಸಿದ ಗುರು. ಟ್ರೇಯಲ್ಲಿ ಥಳಥಳಿಸುವ ನಾಲ್ಕು ಗ್ಲಾಸು. ಮೂರರಲ್ಲಿ ವಿಸ್ಕಿ, ನಾಲ್ಕನೆಯದು ನೀರು ಕುಡಿಯಲು, ಇನ್ನೂ ಖಾಲಿ. "ನಿಧಾನಕ್ಕೆ ನೋಡಮ್ಮ, ಅವಸರ ಇಲ್ಲ," ಎನ್ನುತ್ತಾರೆ.

ಮೂಗಿನಕ್ಕ ಮೊದಲನೆಯದನ್ನು ಎತ್ತಿ ಮೂಸುತ್ತಾರೆ. ಎರಡನೆಯದು. ಮೂರನೆಯದು. ಮತ್ತೆ ಮೊದಲನೆಯದು. ಮುಖದ ಬಣ್ಣ ಇಳಿಯುತ್ತದೆ. "ಯಜಮಾನ್ರೇ," ಎನ್ನುತ್ತಾರೆ ಕಷ್ಟದಿಂದ, "ಮೂರರಲ್ಲೂ ರಟ್ಟಿನ ವಾಸನೆ." ಯಜಮಾನರು ಕನ್ನಡಕ ತೆಗೆದು ಒರೆಸುತ್ತಾ ನಿಲ್ಲುತ್ತಾರೆ. "ಇರ್ಲಿ ಬಿಡಮ್ಮ," ಎನ್ನುತ್ತಾರೆ. ನನಗೋ ಈ ಬೆಳಗ್ಗೆ ಯಾಕಾದರೂ ಬಂದೆನೋ ಅನ್ನಿಸುತ್ತದೆ. ಅಷ್ಟು ತಿಂಗಳ ಪಾಡು, ಆ ಅತ್ತೆಯ ಛಲ, ಎಲ್ಲ ನೀರಿನಲ್ಲಿ ಹೋಮವಾಯಿತಲ್ಲ!

ಮೂಗಿನಕ್ಕ ಏಳಲು ಹೋಗಿ, ಅಭ್ಯಾಸಬಲದಿಂದ ಮೊಣಕೈಗೆ ಮೂಗು ತರುತ್ತಾರೆ. ಅಲ್ಲೇ ನಿಂತುಬಿಡುತ್ತಾರೆ. ಇನ್ನೊಮ್ಮೆ ಮೂಸುತ್ತಾರೆ. "ಅರೆ, ಕೈ ಕೈಯಾಗೇ ಇದೆಯಲ್ಲಾ! ನನ್ನ ಮೂಗು ಕೆಟ್ಟಿದ್ರೆ ಇದೂ ಕಾಗದ ಆಗ್ಬೇಕಿತ್ತು." ಖಾಲಿ ಗ್ಲಾಸನ್ನು ಸರಕ್ಕನೆ ಎತ್ತಿ ಮೂಗಿಗೆ ಹಿಡಿಯುತ್ತಾರೆ. "ಯಜಮಾನ್ರೇ, ಈ ಗ್ಲಾಸುಗಳನ್ನ ಎಲ್ಲಿಂದ ತಂದ್ರಿ?"

ಯಜಮಾನರು ಹಣೆ ಹಣೆ ಬಡಿದುಕೊಳ್ಳುತ್ತಾರೆ. "ಥತ್! ಪೇಪರಿನೋರು ಫೋಟೋ ತೆಗೀತಾರೆ ಅಂತ ಹೊಸ ಗ್ಲಾಸಿನ ಪೆಟ್ಟಿಗೆ ಒಡೆದೆ. ಬಟ್ಟೆಯಲ್ಲಿ ಒರೆಸಿ ಹಾಗೇ ಸುರಿದ್ಬಿಟ್ಟೆ ಕಣಮ್ಮ!" ರಟ್ಟಿನ ಪೆಟ್ಟಿಗೆಯಲ್ಲಿ ಬೋರಲಾಗಿ ಮಲಗಿದ್ದ ಗ್ಲಾಸುಗಳು ಅದರ ವಾಸನೆಯನ್ನೆಲ್ಲ ಹೊಟ್ಟೆಗಿಳಿಸಿಕೊಂಡಿವೆ. ಅವರೂ ಮೂಸುತ್ತಾರೆ, ಹೌದೆಂದು ತಲೆಯಾಡಿಸುತ್ತಾರೆ. ನಾನೂ ಮೂಸುತ್ತೇನೆ. ನೆಗಡಿ ಹಿಡಿಯಲು ಮಾತ್ರ ಲಾಯಕ್ಕಾದ ನನ್ನ ಮೂಗಿಗೆ ಏನೂ ಸಿಗುವುದಿಲ್ಲ. "ನಿಮ್ಮ ದೆಸೆಯಿಂದ ನನ್ನ ಜೀವ ಬಾಯಿಗೆ ಬಂದಿತ್ತು ನೋಡಿ," ಎಂದು ಮೂಗಿನಕ್ಕ ನನ್ನನ್ನು ಗದರಿಸುತ್ತಾರೆ, ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

ಬಿಸಿನೀರಲ್ಲಿ ತೊಳೆದು ಆರಿಸಿದ ಹಳೇ ಗ್ಲಾಸುಗಳು ಬರುತ್ತವೆ. ಈ ಸಲ ಅವರು ಕಣ್ಣು ಮುಚ್ಚುತ್ತಾರೆ. ಎಡ ಹೊಳ್ಳೆ, ಬಲ ಹೊಳ್ಳೆ. "ಇದು ಕಡಲಿಂದು." ಗ್ಲಾಸು ಪಕ್ಕಕ್ಕೆ. "ಇದು ಗುಡ್ಡದ್ದು. ಪೀಪಾಯಿ ಹಳೇದು, ಮರ ಸುಸ್ತಾಗಿದೆ." ಮೂರನೆಯದರ ಬಳಿ ತಡೆಯುತ್ತಾರೆ. ನೀರಿನ ಒಂದು ಹನಿ ಬಿಟ್ಟು ಕಾಯುತ್ತಾರೆ. "ಬಯಲಿಂದು... ಆದ್ರೆ ಒಂದೇ ಅಲ್ಲ. ಗುಡ್ಡದ್ದು ಒಂಚೂರು ಸೇರಿಸಿದ್ದೀರಿ. ನನ್ನ ಹತ್ರಾನೇ ಕಳ್ಳಾಟಾನಾ?"

ಒಂದು ಲೋಟ ಬಯಲಿಗೆ ಒಂದು ಚಮಚ ಗುಡ್ಡ. ಸೇರಿಸಿದವರೇ ಬಾಯಿ ತೆರೆದು ನಿಂತಿದ್ದಾರೆ. ಕಣ್ಣಿಗೆ ಕಾಣದ, ಕೈಗೆ ಸಿಗದ ಒಂದನ್ನು ಮನುಷ್ಯರೊಬ್ಬರು ಹೀಗೆ ಕಳೆದುಕೊಂಡು, ಹೀಗೆ ಹುಡುಕಿ, ಹೀಗೆ ಮರಳಿ ತಂದುಕೊಳ್ಳಬಹುದೇ!

ಯಜಮಾನರು ಏನೂ ಹೊಗಳುವುದಿಲ್ಲ. ಹೊರಗೆ ಹೋಗಿ, ಇವತ್ತು ಬಾಟಲಿಗೆ ಹೋಗಬೇಕಾದ ದೊಡ್ಡ ತೊಟ್ಟಿಯಿಂದ ಒಂದಿಷ್ಟು ಹಿಡಿದು ತಂದು ಮುಂದಿಡುತ್ತಾರೆ. ಆಚೆ ಯಂತ್ರಗಳು ಸಜ್ಜಾಗಿವೆ, ಆಳುಗಳು ಸಾಲಾಗಿ ನಿಂತಿದ್ದಾರೆ. ಮೂಗಿನಕ್ಕ ಮೂಸುತ್ತಾರೆ, ಗ್ಲಾಸು ಇಡುತ್ತಾರೆ, ಮತ್ತೆ ಎತ್ತಿ ಮೂಸುತ್ತಾರೆ.

"ಇವತ್ತು ಬೇಡ. ಇನ್ನೊಂದು ವಾರ ಇರ್ಲಿ."

ಯಜಮಾನರು ಬಾಗಿಲ ಬಳಿಯ ಫೋನು ಎತ್ತುತ್ತಾರೆ. "ನಲ್ಲಿ ತೆಗೀಬೇಡಿ. ಯಂತ್ರ ನಿಲ್ಸಿ," ಎಂದಷ್ಟೇ ಹೇಳಿ, ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾರೆ.

ಮೂಗಿನಕ್ಕ ಆ ಬಾಗಿಲನ್ನೇ ನೋಡುತ್ತಾ ಕೂತಿದ್ದಾರೆ. ಆಮೇಲೆ ನನ್ನ ಕಡೆ ಬಗ್ಗಿ, ಗುಟ್ಟು ಹೇಳುವವರಂತೆ ಪಿಸುಗುಡುತ್ತಾರೆ:

"ಯಾಕೆ ಅಂತ ಕೇಳ್ಲೇ ಇಲ್ಲ, ನೋಡಿದ್ರಾ?"