ಅಡಿಕೆ ಮಂಡಿಯಲ್ಲಿ ತೂಗಿದ ಚಾರಣದ ಚೀಲ

ನಲವತ್ತೇಳನೇ ವಯಸ್ಸಿನಲ್ಲಿ ನನಗೆ ಮಳೆಕಾಡು ಸುತ್ತುವ ಹುಕಿ ಹತ್ತಿದ್ದು ರವಿಕೆಯ ಅಳತೆ ಕೊಡುತ್ತ ನಿಂತಿದ್ದಾಗ. ಹೊಳಲ್ಕೆರೆ ಬಸ್ ನಿಲ್ದಾಣದ ಹಿಂದೆ ಹೊಲಿಗೆ ಅಂಗಡಿ ಇಟ್ಟಿರುವ ಗೆಳತಿಯನ್ನು ನಾನು ಆಪಾ, ಅಂದರೆ ಅಕ್ಕ, ಅನ್ನುತ್ತೇನೆ. ನನಗಿಂತ ಐದು ವರ್ಷ ದೊಡ್ಡವರು. ಟೇಪು ಸುತ್ತುತ್ತಲೇ ಹೇಳಿದರು, "ಎರಡಿಂಚು ಜಾಸ್ತಿ ಆಗೈತೆ ಟೀಚರ್. ಕುಂತ್ಕಂಡೇ ಪಾಠ ಮಾಡ್ತೀರೇನು?"

ನನಗೆ ರೇಗಿತು. "ದಸರಾ ರಜಕ್ಕೆ ಕಾಡಿಗೆ ಟ್ರೆಕ್ಕಿಂಗ್ ಹೋಗ್ತೀನ್ರಿ. ಎಲ್ಲಾ ಕರಗುತ್ತೆ."

ಆ ಮಾತು ಬಾಯಿಂದ ಹೊರಡುವವರೆಗೆ ಅಂಥ ಯೋಜನೆ ನನಗೇ ಗೊತ್ತಿರಲಿಲ್ಲ. ಹಿಂದಿನ ದಿನ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ್ದೆ, ಅಷ್ಟೆ.

"ಯಾರ ಜೊತೆ?"

"ಒಬ್ಳೇ."

"ಒಬ್ರೇ ಯಾಕೆ? ನಾನೂ ಬರ್ತೀನಿ, ಹೋಗಾಣ."

ಇನ್ನು ಹಿಂದೆ ಸರಿಯುವ ದಾರಿ ಉಳಿಯಲಿಲ್ಲ.

ಸಹೋದ್ಯೋಗಿಯೊಬ್ಬರು ಆಗುಂಬೆ ಕಡೆಯ ಒಬ್ಬ ಗೈಡಿನ ನಂಬರು ಕೊಟ್ಟರು. ಫೋನನ್ನು ಹೊಲಿಗೆ ಯಂತ್ರದ ಮೇಲಿಟ್ಟು ಸ್ಪೀಕರಿಗೆ ಹಾಕಿದೆ.

"ಮೊದ್ಲು ಯಾವ ಗುಡ್ಡ ಹತ್ತಿದೀರಿ?" ಎಂದ ಆತ.

"ಚಿತ್ರದುರ್ಗದ ಕೋಟೆ."

"ಯಾವಾಗ?"

"ಬಿ.ಎಡ್. ಓದೋವಾಗ."

ಪಾಪ, ನಗಲಿಲ್ಲ. "ಹಾಗಾದ್ರೆ ನಾಲ್ಕು ಕಿಲೋಮೀಟರ್ ದಾರಿ ಸಾಕು ಮಾರಾಯ್ರೆ. ಅರಣ್ಯ ಇಲಾಖೆ ಅನುಮತಿ ನಾನು ಮಾಡಿಸ್ತೇನೆ. ಕಾಡೊಳಗೆ ಟೆಂಟ್ ಹಾಕೋ ಹಾಗಿಲ್ಲ, ನಮ್ಮ ಅಂಗಳದಲ್ಲಿ ಹಾಕ್ಕೊಳ್ಳಿ. ಚೀಲ ಆರು ಕೆಜಿ ಮೀರೋದು ಬೇಡ. ಮತ್ತೆ ಉಂಬಳ ಇರ್ತಾವೆ."

"ಉಂಬಳ ಅಂದ್ರೆ?" ಆಪಾ ಕೇಳಿದರು.

"ಜಿಗಣೆ. ಹೆದ್ರಬೇಡಿ, ಕಚ್ಚಿದ್ದೇ ಗೊತ್ತಾಗಲ್ಲ."

ಆಪಾ ಕತ್ತರಿ ಕೆಳಗಿಟ್ಟರು. "ಗೊತ್ತಾಗ್ದಂಗೆ ರಕ್ತ ಕುಡಿಯೋದು ಇನ್ನೂ ಕೆಟ್ಟದ್ದಲ್ಲೇನ್ರಿ?"

ಮರುದಿನ ಅಂಗಡಿಗೆ ಹೋದರೆ ಇಬ್ಬರಿಗೂ ಮೊಣಕಾಲು ಮುಟ್ಟುವ ಬಟ್ಟೆಯ ಕಾಲುಚೀಲಗಳು ತಯಾರಾಗಿದ್ದವು. ಶಾಲೆ ಯೂನಿಫಾರಂ ಹೊಲಿದು ಮಿಕ್ಕಿದ್ದ ನೀಲಿ ಚೌಕಳಿ ಬಟ್ಟೆ. ತೊಟ್ಟು ಕನ್ನಡಿ ಮುಂದೆ ನಿಂತೆ. ನಮ್ಮ ಶಾಲೆಯ ಐದನೇ ತರಗತಿ ಮಕ್ಕಳು ನನ್ನ ಕಾಲಿಗೆ ಬಂದು ಕೂತಂತಿತ್ತು.

ಚೀಲ ತೂಗಲು ನಮ್ಮಲ್ಲಿ ತಕ್ಕಡಿ ಇರಲಿಲ್ಲ. ಊರಲ್ಲಿ ತಕ್ಕಡಿಗೇನು ಬರ, ಅಡಿಕೆ ಮಂಡಿಗೆ ಹೋದೆವು. ತೂಕ ಮಾಡುವಾತ ನಮ್ಮ ಬೆನ್ನಚೀಲಗಳನ್ನು ಹೊರಳಿಸಿ ನೋಡಿ, "ಯಾವ ಮಾಲು ಅಕ್ಕ?" ಎಂದ. ಆಪಾರದ್ದು ಹನ್ನೊಂದು ಕಿಲೋ. ನಗುತ್ತ ನನ್ನದನ್ನಿಟ್ಟೆ. ಹದಿಮೂರು.

ಅಲ್ಲೇ ಗೋಣಿಚೀಲದ ಮೇಲೆ ಕುಳಿತು ಬಿಚ್ಚಿದೆವು. ಅವರ ಚೀಲದಿಂದ ಇಸ್ತ್ರಿಪೆಟ್ಟಿಗೆ ಬಂತು.

"ಇದ್ಯಾಕೆ ಆಪಾ?"

"ಬಟ್ಟೆ ನೆಂದ್ರೆ ಒಣಗಿಸಾಕೆ."

"ಟೆಂಟಲ್ಲಿ ಕರೆಂಟ್ ಎಲ್ಲೈತೆ?"

ಅವರು ನನ್ನ ಚೀಲಕ್ಕೆ ಕೈ ಹಾಕಿದರು. ನಾಲ್ಕು ಡಬ್ಬಿ ಚಟ್ನಿಪುಡಿ, ಇಟ್ಟಿಗೆಯಷ್ಟು ದಪ್ಪದ ಹಕ್ಕಿಗಳ ಪುಸ್ತಕ, ಎರಡು ಛತ್ರಿ. "ಎರಡು ದಿನಕ್ಕೆ ನಾಲ್ಕು ಡಬ್ಬಿ! ಕಾಡಿಗೇ ಊಟ ಹಾಕ್ತೀರೇನು?" ಸುತ್ತ ನಿಂತಿದ್ದ ಹಮಾಲರು ಯಾವುದು ಇರಬೇಕು, ಯಾವುದು ಬೇಡ ಎಂದು ಪಂಚಾಯ್ತಿಗೆ ಇಳಿದರು. ಚಟ್ನಿಪುಡಿ ಒಂದು ಡಬ್ಬಿ ಇರಲಿ ಎಂದು ತೀರ್ಮಾನವಾಯಿತು.

ಅಭ್ಯಾಸಕ್ಕೆಂದು ಭಾನುವಾರ ಚೀಲ ಹೊತ್ತು ಚಂದ್ರವಳ್ಳಿಗೆ ಹೋದೆವು. ಬಸ್ಸಿನಲ್ಲಿ ನಾನು ಉಸಿರಾಟ, ಹೆಜ್ಜೆ, ನೀರು ಕುಡಿಯುವ ಕ್ರಮ ಎಲ್ಲದರ ಮೇಲೂ ಆಪಾಗೆ ಪಾಠ ಮಾಡಿದೆ. ಬಂಡೆಗಳ ನಡುವೆ ಏರತೊಡಗಿದ ಹತ್ತೇ ನಿಮಿಷಕ್ಕೆ ನನ್ನ ಎದೆ ತಿದಿಯಂತೆ ಊದಿ ಇಳಿಯಿತು. ಮೂವತ್ತು ವರ್ಷ ಯಂತ್ರ ತುಳಿದ ಆಪಾರ ಕಾಲು ಮಾತ್ರ ಸರಸರ ಮೇಲೇರಿತು. ಮೇಲೆ ನಿಂತು ಕೂಗಿದರು, "ಟೀಚರ್, ಉಸಿರಾಟದ ಪಾಠ ಮರೆತೋತೇನ್ರಿ?" ನಾಚಿಕೆಯಾಯಿತು. ಅಂದಿನಿಂದ ದಿನಾ ಬೆಳಗ್ಗೆ ಕೆರೆ ಏರಿಯ ಮೇಲೆ ಅವರು ಮುಂದೆ, ನಾನು ಹಿಂದೆ. ರಜೆ ಹತ್ತಿರವಾಗುವ ಹೊತ್ತಿಗೆ ನಡುವೆ ಎರಡೇ ಮಾರು ಅಂತರ ಉಳಿದಿತ್ತು.

ಕಾಡಿಗೆ ಹೋದೆವು. ಟೆಂಟ್ ನಿಲ್ಲಿಸಲು ಗೈಡಿನ ಹೆಂಡತಿಯೂ ಬರಬೇಕಾಯಿತು. ದಾರಿಯಲ್ಲಿ ಹನಿ ಮಳೆ, ಕಾಲಡಿ ಕೊಳೆತ ಎಲೆ, ನೆತ್ತಿಯ ಮೇಲೆ ಆಕಾಶವೇ ಕಾಣದಷ್ಟು ಹಸಿರು. ಜಿಗಣೆಗಳು ಕಾಲುಚೀಲದ ಚೌಕಳಿಗಳ ಮೇಲೆ ಹತ್ತಿ ದಾರಿ ತಿಳಿಯದೆ ತಲೆ ಆಡಿಸುತ್ತಿದ್ದವು. ಒಂದು ಮಾತ್ರ ಆಪಾರ ಮುಂಗೈ ಹಿಡಿದಿತ್ತು. ಚೀರುತ್ತಾರೆಂದು ಕಾದೆ. ಅವರು ಕೈಯನ್ನು ಕಣ್ಣ ಹತ್ತಿರ ತಂದು, "ಎಷ್ಟು ಸಣ್ಣಕ್ಕೈತೆ ನೋಡ್ರಿ" ಎಂದರು.

ಹಳ್ಳದ ನೀರಿಗೆ ಕಾಲು ಇಳಿಬಿಟ್ಟು ಕುಳಿತೆವು. ಮಳೆಯೇ ಅಪರೂಪವಾದ ಹಿರಿಯೂರಲ್ಲಿ ಹುಟ್ಟಿ ಬೆಳೆದ ಆಪಾ ಅಂಗೈ ಒಡ್ಡಿ ಹನಿ ಹಿಡಿದರು. ಆಮೇಲೆ ಮೆಲ್ಲಗೆ, "ನಾವು ಚಿಕ್ಕೋರಿದ್ದಾಗ ಮಳೆ ಬಂದ್ರೆ ಎಲ್ರೂ ಹೊರಗೆ ಬಂದು ನಿಂತು ನೋಡ್ತಿದ್ವಿ. ಇಲ್ಲಿ ಯಾರೂ ನೋಡೋರೇ ಇಲ್ಲ" ಎಂದರು.

ಗೈಡ್ ಹೊರಡೋಣ ಎಂದ. "ಐದು ನಿಮಿಷ ಕುಂತ್ಕಳ್ರಿ" ಎಂದರು ಆಪಾ. ಆತ ಗಡಿಯಾರ ನೋಡಿದ, ನಮ್ಮನ್ನು ನೋಡಿದ, ಚಪ್ಪಲಿ ಬಿಟ್ಟು ತಾನೂ ನೀರಿಗೆ ಕಾಲು ಹಾಕಿದ.