ಎಣ್ಣೆತಲೆಗೆ ಅಂಟಿದ ವಜ್ರ

ಆ ಕಲ್ಲು ಎಲ್ಲಿ ಹೋಯಿತು? ರಜೆಯ ದಿನ, ಎಳೆಬಿಸಿಲು, ಹೊಟ್ಟೆ ತುಂಬಿದ ಮಗು, ಎಲ್ಲವೂ ಸರಿಯಾಗಿದ್ದರೂ ಗಾಬರಿಯ ತಲೆಯಲ್ಲಿ ಅದೊಂದೇ ಕೊರೆತ. ಗಾಬರಿ ಎಂಬುದು ವಜ್ರದ ಕಾರ್ಖಾನೆಯವರು ಅವಳಿಗೆ ಇಟ್ಟ ಹೆಸರು. ಉಜ್ಜಿ ಹೊಳಪು ಕೊಟ್ಟ ಕಲ್ಲುಗಳನ್ನು ಚಿಮಟದಲ್ಲಿ ಹಿಡಿದು, ಬಣ್ಣ, ಬಿರುಕು ನೋಡಿ ಬೇರೆ ಬೇರೆ ಮಾಡುವುದು ಅವಳ ಕೆಲಸ. ಬೀಗ ಹಾಕಿ ಬೀದಿಯ ತುದಿಗೆ ಹೋದವಳು ವಾಪಸು ಬಂದು ಬೀಗ ಜಗ್ಗಿ ನೋಡುತ್ತಾಳೆ. ಮಗುವಿನ ಹಾಲಿನ ಬಾಟಲಿಯನ್ನು ಅದು ಸೊಟ್ಟಗಾಗುವ ತನಕ ಕುದಿಸುತ್ತಾಳೆ. ಇಂಥವಳಿಗೆ ಈ ಕೆಲಸ ಯಾರು ಕೊಟ್ಟರೋ ಎಂದು ಅತ್ತೆಗೆ ಈಗಲೂ ಆಶ್ಚರ್ಯ. ಕೊಟ್ಟವರು ಮಾಲೀಕರು. "ವಜ್ರ ಹೇಗಾಗುತ್ತಮ್ಮ?" ಎಂದು ಅವರು ಕೇಳಿದ್ದಕ್ಕೆ, ಭೂವಿಜ್ಞಾನ ಓದಿದ್ದ ಇವಳು ಒಂದೇ ಉಸಿರಿಗೆ, "ನೆಲದೊಳಗೆ ನೂರೈವತ್ತು ಕಿಲೋಮೀಟರ್ ಆಳದಲ್ಲಿ ಸಾರ್, ಬರೀ ಇಂಗಾಲ, ಮೇಲಿಂದ ಭಯಂಕರ ಒತ್ತಡ, ತಡೆಯಲಾಗದ ಕಾವು, ಕೋಟ್ಯಂತರ ವರ್ಷ ಹಾಗೇ ಇದ್ದು, ಆಮೇಲೆ ಜ್ವಾಲಾಮುಖಿ ಜೊತೆ ಮೇಲೆ ಬರುತ್ತೆ" ಎಂದಿದ್ದಳು. ಹೇಳುತ್ತಾ ಹೇಳುತ್ತಾ ತಾನೇ ಬೆವೆತುಹೋಗಿದ್ದಳು. "ಕಲ್ಲಿನ ಮುಂದೆ ಇಷ್ಟು ಹೆದರೋರೇ ನಮಗೆ ಬೇಕು" ಎಂದು ಅವರು ಕೆಲಸಕ್ಕೆ ತೆಗೆದುಕೊಂಡರು.

ನಿನ್ನೆ ಎಳ್ಳುಕಾಳಿನಷ್ಟು ಒಂದು ಕಲ್ಲು ಅವಳ ಚಿಮಟದಿಂದ ಪಟ್ಟನೆ ಹಾರಿತ್ತು. ಹಾಗೆ ಹಾರಿದರೆ ಅಲ್ಲೊಂದು ಪದ್ಧತಿ: ಹಾರಿಸಿದವರು "ನಿಲ್ಲಿ!" ಎಂದು ಕೂಗಬೇಕು, ಉಳಿದವರು ಇದ್ದಲ್ಲೇ ಬೊಂಬೆಯಾಗಬೇಕು. ಎಲ್ಲರ ಚಪ್ಪಲಿ ಝಾಡಿಸಿ, ನೆಲ ಗುಡಿಸಿ, ಕಸ ಜರಡಿ ಹಿಡಿದರು. ಸಿಗಲಿಲ್ಲ. ಕಲ್ಲು ಕದಿಯುವವರು ಕೂದಲಲ್ಲಿ ಬಚ್ಚಿಡುತ್ತಾರೆಂದು ಅಲ್ಲಿ ಎಲ್ಲರೂ ಟೋಪಿ ಹಾಕಲೇಬೇಕು. ಸೆಕೆಯೆಂದು ಇವಳು ಆಗಷ್ಟೇ ಅದನ್ನು ತೆಗೆದಿಟ್ಟಿದ್ದಳು; ಕಲ್ಲು ಹಾರಿದೊಡನೆ ಯಾರೂ ನೋಡದಂತೆ ಮತ್ತೆ ಹಾಕಿಕೊಂಡಿದ್ದಳು. "ನಾಳಿದ್ದು ನೋಡೋಣ, ಹೋಗಮ್ಮ" ಎಂದಿದ್ದರು ಮಾಲೀಕರು, ನಗದೆ.

ಈಗ ಅತ್ತೆ ಅವಳ ತಲೆಗೆ ಎಣ್ಣೆ ತಟ್ಟುತ್ತಿದ್ದರು.

"ಎಷ್ಟು ಎಣ್ಣೆ ಅತ್ತೆ! ಮೊನ್ನೆ ಹಾಕಿದ್ದೇ ಇನ್ನೂ ಜಿಡ್ಡುಜಿಡ್ಡಾಗಿದೆ."

"ತಲೆ ತಂಪಾಗ್ಲಿ ಅಂತ ಕಣೇ. ಊರಿನ ಯೋಚನೆಯೆಲ್ಲ ನೀನೊಬ್ಬಳೇ ಮಾಡ್ತೀಯ."

ಜಿಡ್ಡು! ಗಾಬರಿಗೆ ಓದಿದ್ದು ನೆನಪಾಯಿತು. ವಜ್ರಕ್ಕೆ ನೀರು ಅಂಟುವುದಿಲ್ಲ, ಜಿಡ್ಡು ಅಂಟುತ್ತದೆ. ಗಣಿಗಳಲ್ಲಿ ಜಿಡ್ಡು ಬಳಿದ ಹಲಗೆಯ ಮೇಲೆ ನೀರಿನ ಜೊತೆ ಜಲ್ಲಿ ಹರಿಸಿದರೆ ಉಳಿದ ಕಲ್ಲೆಲ್ಲ ತೊಳೆದುಹೋಗಿ ವಜ್ರ ಮಾತ್ರ ಕಚ್ಚಿಕೊಳ್ಳುತ್ತದೆ.

"ನಿಲ್ಲಿ! ಯಾರೂ ಅಲ್ಲಾಡಬೇಡಿ!"

ಅತ್ತೆಯ ಕೈ ಎಣ್ಣೆಬಟ್ಟಲಲ್ಲೇ ನಿಂತಿತು. ಬಚ್ಚಲಿಂದ ಬರುತ್ತಿದ್ದ ಗಂಡ ಕೆನ್ನೆ ತುಂಬ ಸೋಪಿನ ನೊರೆಯೊಂದಿಗೆ ಒಂಟಿಕಾಲಲ್ಲಿ ನಿಂತ.

"ಜಿರಳೆನಾ?"

"ವಜ್ರ ರೀ!"

"ಹಾಗಾದ್ರೆ ಕಾಲು ಕೆಳಗಿಡ್ಲಾ?"

"ಇಡಬೇಡಿ!"

ಬಿಳಿ ಹೊದಿಕೆ ಹಾಸಿ, ಅವಳನ್ನು ಅದರ ಮೇಲೆ ಕೂರಿಸಿ, ಅತ್ತೆ ಎಳೆಎಳೆಯಾಗಿ ಬಾಚಿದರು. ಬಾಚಣಿಗೆಯ ಹಲ್ಲಿನ ಬುಡದಲ್ಲಿ ಏನೋ ಮಿನುಗಿತು.

"ಸಕ್ಕರೆ ಇರ್ಬೇಕು," ಎಂದರು ಅತ್ತೆ.

ಗಾಬರಿ ಭೂತಕನ್ನಡಿ ಹಿಡಿದು ನೋಡಿದಳು. ತನ್ನದೇ ಕಲ್ಲು!

"ಯಾಕೆ ಸುಮ್ನೆ ಅನುಮಾನ? ಸುತ್ತಿಗೇಲಿ ಹೊಡೆದು ನೋಡೋಣ. ವಜ್ರ ಆದ್ರೆ ಒಡೆಯಲ್ಲ," ಎಂದ ಗಂಡ.

"ಅಯ್ಯೋ ರೀ, ಗಟ್ಟಿ ಅಂದ್ರೆ ಇನ್ನೊಂದು ವಜ್ರ ಬಿಟ್ರೆ ಯಾವುದೂ ಅದನ್ನ ಗೀರಲ್ಲ ಅಂತ ಅಷ್ಟೇ. ಏಟು ಬಿದ್ರೆ ಸೀಳಿಹೋಗುತ್ತೆ!"

"ಹಾಗಾದ್ರೆ ಬೆಂಕೀಲಿಟ್ಟು..."

"ಅದು ಇಂಗಾಲ! ಕಾವು ಜಾಸ್ತಿಯಾದ್ರೆ ಇದ್ದಿಲ ಹಾಗೆ ಉರಿದುಹೋಗುತ್ತೆ, ಬೂದಿನೂ ಉಳಿಯಲ್ಲ."

"ನಿನಗಿಂತ ನಾಜೂಕು ಕಣೇ ಇದು!"

ಈ ವಾದದ ನಡುವೆ ಅಂಬೆಗಾಲಿಟ್ಟು ಬಂದ ಮಗ ಬಾಚಣಿಗೆ ಎತ್ತಿ ಚಪ್ಪರಿಸಿದ. "ನಿಲ್ಲೋ!" ಎಂದು ಕಿರುಚಿದಳು. ಆ ಮನೆಯಲ್ಲಿ ಕಾರ್ಖಾನೆಯ ಪದ್ಧತಿಗೆ ಬಗ್ಗದವನು ಅವನೊಬ್ಬನೇ. ಗುಟುಕ್ಕನೆ ನುಂಗಿ, ಇನ್ನೂ ಬೇಕೆಂಬಂತೆ ಬಾಯಿ ತೆರೆದ.

ಕೆಳಗಿನ ಮನೆಯ ಮಕ್ಕಳ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ನಗು ತಡೆದುಕೊಂಡು, "ಇಷ್ಟು ಚಿಕ್ಕದು ತಾನಾಗೇ ಬರುತ್ತೆ. ವಾಂತಿ ಗೀಂತಿ ಆದ್ರೆ ತಕ್ಷಣ ಕರ್ಕೊಂಡು ಬನ್ನಿ" ಎಂದರು.

"ವಜ್ರ ನುಂಗಿದ್ರೆ ಸತ್ತೇಹೋಗ್ತಾರೆ ಅಂತಾರಲ್ಲ ಡಾಕ್ಟ್ರೇ?"

"ಕಥೇಲಿ ಮಾತ್ರ."

ಮೇಲೆ ಬಂದಾಗ ಅತ್ತೆ ಸಮಾಧಾನ ಹೇಳಿದರು. "ನೂರೈವತ್ತು ಕಿಲೋಮೀಟರ್ ಆಳದಿಂದ ಬಂದದ್ದು, ಇವನ ಗೇಣುದ್ದದ ಹೊಟ್ಟೆಯಿಂದ ಬರಲ್ವೇನೇ? ಬಂದ ಮೇಲೆ ಮೆಲ್ಲಗೆ ನಿನ್ನ ಮೇಜಿನ ಕೆಳಗೆ ಹಾಕಿ, ಸಿಕ್ತು ಅಂತ ಕೂಗು. ಮುಗೀತು."

ಆ ಮಾತು ಗಾಬರಿಗೆ ಹಿತವಾಗಿಯೇ ಕೇಳಿಸಿತು. ನಿಜ ಹೇಳಿದರೆ ಟೋಪಿ ತೆಗೆದದ್ದೂ ಹೊರಬೀಳುತ್ತದೆ. ಕೂದಲಲ್ಲಿತ್ತು ಎಂದರೆ ಕಳ್ಳಿ ಎನ್ನದೆ ಬಿಡುತ್ತಾರೆಯೇ? ಕೆಲಸ ಉಳಿಯುತ್ತದೆಯೇ? ಆದರೆ ಅಷ್ಟರಲ್ಲಿ ಬೇರೆ ಯಾರ ಮೇಲಾದರೂ ಅನುಮಾನ ಬಂದರೆ? ಪಕ್ಕದ ಮೇಜಿನವಳು ನಿನ್ನೆ ಚಪ್ಪಲಿ ಬಿಚ್ಚಿ ತೋರಿಸುತ್ತಾ ಅತ್ತೇಬಿಟ್ಟಿದ್ದಳು. ಗಾಬರಿ ಫೋನ್ ಎತ್ತಿದಳು, ಇಟ್ಟಳು, ಮಗನ ಹೊಟ್ಟೆಗೆ ಕಿವಿಗೊಟ್ಟು ಕೇಳಿದಳು, ಮತ್ತೆ ಎತ್ತಿ ಮಾಲೀಕರಿಗೆ ಮಾಡಿಯೇಬಿಟ್ಟಳು.

"ಸಾರ್, ಕಲ್ಲು ಸಿಕ್ತು. ತಪ್ಪು ನಂದೇ. ಟೋಪಿ ತೆಗೆದಿದ್ದೆ, ಕೂದಲಿಗೆ ಅಂಟಿಕೊಂಡು ಮನೆಗೇ ಬಂದುಬಿಟ್ಟಿದೆ."

ಆ ಕಡೆ ನಿಟ್ಟುಸಿರು. "ಸದ್ಯ! ಕದ್ದೋರು ಯಾರಮ್ಮ ಫೋನ್ ಮಾಡ್ತಾರೆ? ಜೋಪಾನವಾಗಿ ಇಟ್ಟಿದ್ದೀಯ ತಾನೇ?"

"ತುಂಬಾ ಜೋಪಾನವಾಗಿದೆ ಸಾರ್. ನಮ್ಮ ಕೈಗೂ ಸಿಗ್ತಾ ಇಲ್ಲ."

"ಅಂದ್ರೆ?"

ಹೇಳಿದಳು. ಮಾಲೀಕರು ಕೆಮ್ಮಿದರು, ಇಲ್ಲವೇ ನಕ್ಕರು.

"ಆಯ್ತು, ಬಂದ ಮೇಲೆ ತಗೊಂಡು ಬಾ. ಮತ್ತೆ, ಅಮ್ಮಾ..."

"ಸಾರ್?"

"ತೊಳೆದು ತಾ."