ಗಾಳಿಬೀಡಿನ ಪೂವಮ್ಮ ಕಡಲು ನೋಡಿದ್ದು

ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲ. ಗಾಳಿಬೀಡಿನ ಪೂವಮ್ಮನಿಗೆ ಆಗ ಇದ್ದದ್ದು ಒಂದೇ ಆಸೆ. ಕಣ್ಣು ಮುಚ್ಚುವುದರೊಳಗೆ ಕಡಲನ್ನು ನೋಡಬೇಕು. ನೋಡುವುದೆಂದರೆ ದಡದಲ್ಲಿ ಕಾಲು ತೋಯಿಸಿಕೊಂಡು ಬರುವುದಲ್ಲ. ಕಡಲಿನೊಳಗೆ ಕಲ್ಲಿನದೊಂದು ದ್ವೀಪವಿದೆ, ಅದರ ಪಡುವಣ ತುದಿಯ ಬಂಡೆಯ ಮೇಲೆ ನಿಂತರೆ ಮುಂದೆ ಬರಿಯ ನೀರು, ನೀರಿನಾಚೆಗೂ ನೀರು ಎಂದು, ಮಡಿಕೇರಿಯ ಸಂತೆಗೆ ಒಣಮೀನು ತರುತ್ತಿದ್ದ ವ್ಯಾಪಾರಿ ಒಮ್ಮೆ ಹೇಳಿಬಿಟ್ಟಿದ್ದ. ಅಂದಿನಿಂದ ಆಕೆ ಮೀನು ಕೊಳ್ಳುವ ನೆಪದಲ್ಲಿ ಆ ಮಾತನ್ನು ಎಷ್ಟು ಸಲ ಹೇಳಿಸಿದಳೆಂದರೆ, ಮನೆಯ ಅಟ್ಟದ ಮೇಲೆ ಊರಿನ ಬೆಕ್ಕುಗಳೆಲ್ಲ ಸಂಸಾರ ಹೂಡಿದವು.

ಪೂವಮ್ಮ ಹಟ ಹಿಡಿದರೆ ಬಿಡುವವಳಲ್ಲ. ಯಾರನ್ನೂ ಹತ್ತಿರ ಸೇರಿಸದೆ ಒದೆಯುತ್ತಿದ್ದ ಎಮ್ಮೆಯೊಂದನ್ನು ಮನೆಗೆ ತಂದು, ಗಂಡನ ಹಳೆಯ ಕೋಟು ತೊಟ್ಟು ದಿನವೂ ಅದರ ಪಕ್ಕದಲ್ಲಿ ಕುಳಿತು, ಮನೆಯ ಸುಖದುಃಖವನ್ನೆಲ್ಲ ಅದಕ್ಕೆ ಹೇಳಿ, ಕೊನೆಗೆ ಹಾಲು ಕರೆದೇ ಬಿಟ್ಟಿದ್ದಳು. ಆದರೆ ಕಡಲಿನ ವಿಷಯದಲ್ಲಿ ಅಡ್ಡ ನಿಂತವನು ಎಮ್ಮೆಗಿಂತ ಗಟ್ಟಿ. ಅವನೇ ಆಕೆಯ ಗಂಡ ನಾಣಯ್ಯ.

ಹಂದಿ ಬೇಟೆಯಲ್ಲಿ ನಾಣಯ್ಯನಿಗೆ ಸಮಾನರಿರಲಿಲ್ಲ. ಆದರೆ ನೀರೆಂದರೆ ಆತನ ಜೀವ ಬಾಯಿಗೆ ಬರುತ್ತಿತ್ತು. ತೋಟದಾಚೆಯ ನೀರಿನ ತೋಡಿಗೆ ಹಾಕಿದ್ದ ಬಿದಿರಿನ ಕಾಲುಸಂಕವನ್ನು ನಾಲ್ಕು ಕಾಲಿನಲ್ಲಿ ದಾಟುತ್ತಿದ್ದ. ಆಳುಗಳು ನೋಡಿದರೆ, ಬಿದ್ದುಹೋದ ಏನನ್ನೋ ಹುಡುಕುವವನಂತೆ ನಟಿಸುತ್ತಿದ್ದ.

"ಹೊಳೇಲಿ ನೀರುಟ್ಟು, ಕೆರೇಲಿ ನೀರುಟ್ಟು, ಹಂಡೇಲೂ ನೀರುಟ್ಟು. ಇನ್ನೆಷ್ಟು ನೀರು ನೋಡೊಕು ನಿಂಗೆ?" ಎಂದು ಆತ ತನ್ನ ಅರೆಭಾಷೆಯಲ್ಲಿ ರೇಗುತ್ತಿದ್ದ.

"ಹಂಡೇಲಿ ಅಲೆ ಏಳ್ತದಾ?"

"ನೀ ಸಿಟ್ಟಲ್ಲಿ ಚೆಂಬು ಎಸೆದಾಗ ಏಳ್ತದೆ. ನಾ ನೋಡಿದ್ದೇನೆ."

ಹೀಗೆಯೇ ಇಪ್ಪತ್ತು ವರ್ಷ ಕಳೆದಿತ್ತು. ಆ ವರ್ಷ, ಕಾಫಿ ಕೊಯ್ಲು ಮುಗಿದ ಮೇಲೆ, ನಾಣಯ್ಯನ ಅಕ್ಕ ಬೊಳ್ಳಮ್ಮನಿಗೆ ತಾನು ಉಡುಪಿಯ ದೇವರಿಗೆ ಹೊತ್ತಿದ್ದ ಹರಕೆಯೊಂದು ನೆನಪಾಯಿತು. ಬೊಳ್ಳಮ್ಮ ವಿಧವೆ, ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಅಳುವುದಕ್ಕೆ ಮುಂದಾಳು ಆಕೆಯೇ. ಅಕ್ಕನ ಮಾತನ್ನು ನಾಣಯ್ಯ ಮೀರುವಂತಿರಲಿಲ್ಲ. ಮೂವರೂ ಸಂಪಾಜೆಯ ಘಟ್ಟ ಇಳಿದರು. ಹೊಳೆ ಅಡ್ಡ ಬಂದಲ್ಲೆಲ್ಲ ಬಸ್ಸಿನಿಂದಿಳಿದು ಕಡವಿನ ದೋಣಿಯಲ್ಲಿ ದಾಟಬೇಕಾಗಿತ್ತು. ಒಂದೊಂದು ಕಡವಿನಲ್ಲಿಯೂ ನಾಣಯ್ಯ ಕಣ್ಣು ಮುಚ್ಚಿ ಅಕ್ಕನ ಸೆರಗು ಹಿಡಿದುಕೊಂಡ.

ಹರಕೆ ತೀರಿತು. ಮರುದಿನ ಬೆಳಿಗ್ಗೆ ಪೂವಮ್ಮ ಗಂಡನನ್ನೂ ಅತ್ತಿಗೆಯನ್ನೂ ನೇರವಾಗಿ ಒಣಮೀನಿನ ವ್ಯಾಪಾರಿಯ ಊರಿಗೆ ಕರೆದುಕೊಂಡು ಹೋದಳು. ಅವನ ಭಾವನೇ ಅಲ್ಲಿ ದೋಣಿಯ ಒಡೆಯ. ಊರವರು ತಂಡೇಲ ಎಂದು ಕರೆಯುತ್ತಿದ್ದರು. ದ್ವೀಪ ಎದುರಿಗೇ ಇತ್ತು, ಕೂಗಿದರೆ ಕೇಳದಷ್ಟು, ಕೋವಿ ಹೊಡೆದರೆ ಕೇಳುವಷ್ಟು ದೂರ.

ನಾಣಯ್ಯ ಮರಳಿನ ಮೇಲೆ ಗಟ್ಟಿಯಾಗಿ ಕುಳಿತುಬಿಟ್ಟ. "ನೀವು ಹೋಗಿ. ನಾ ಇಲ್ಲೇ ಕಾವಲು ಇರ್ತೇನೆ."

"ಯಾವುದಕ್ಕೆ ಕಾವಲು?" ಎಂದಳು ಪೂವಮ್ಮ.

"ಕಡಲಿಗೆ."

ಸಂಜೆಯ ಬಸ್ಸು ತಪ್ಪಬಾರದಲ್ಲ. ಹೊತ್ತು ನೆತ್ತಿಗೇರಿದಾಗ ತಾನು ಒಂದು ಗುಂಡು ಹಾರಿಸುವುದು, ಅದನ್ನು ಕೇಳಿ ಅವರು ಹೊರಡುವುದು ಎಂದು ನಾಣಯ್ಯ ಗೊತ್ತುಮಾಡಿದ. ಜೋಡು ನಳಿಗೆಯ ಕೋವಿ ಜೊತೆಗೇ ಇತ್ತು. ಕೋವಿಯಿಲ್ಲದೆ ಆತ ಮನೆ ಬಿಟ್ಟವನಲ್ಲ. ಚಾಪೆಯಲ್ಲಿ ಸುತ್ತಿ ದೇವರ ಹರಕೆಗೂ ತಂದಿದ್ದ.

ತಂಡೇಲನ ದೋಣಿಯಿಂದ ಪೂವಮ್ಮನೇ ಮೊದಲು ದ್ವೀಪಕ್ಕೆ ಇಳಿದಳು. ಕಾಲಿಗೆ ಸಿಕ್ಕಿದ್ದು ಮರಳಲ್ಲ, ಚಿಪ್ಪು. ನಡೆದರೆ ಹಪ್ಪಳ ಮುರಿದಂತೆ ಸದ್ದು. ಅದರಾಚೆ ಕರಿಯ ಕಲ್ಲುಗಳು, ಯಾರೋ ಒಂದೇ ಅಳತೆಗೆ ಕಡಿದು ನಿಲ್ಲಿಸಿದ ಕಂಬಗಳಂತೆ ಒತ್ತೊತ್ತಾಗಿ ನಿಂತಿದ್ದವು. ಬೊಳ್ಳಮ್ಮ ತೆಂಗಿನ ಮರದ ನೆರಳು ಹುಡುಕಿ, ಕಟ್ಟಿ ತಂದಿದ್ದ ಕಡುಬು ಬಿಚ್ಚಿ ಕುಳಿತಳು. ಮೊದಲು ಊಟವಾಗಲಿ ಎಂದಳು. ಊಟ ಮುಗಿದ ಮೇಲೆ ತುಸು ಕಾಲು ಚಾಚಿದಳು. ಎದ್ದ ಮೇಲೆ ಎಲೆಯಡಿಕೆ ಹಾಕಿಕೊಂಡಳು. ಕೊನೆಗೆ ಪೂವಮ್ಮ ತಾಳಲಾರದೆ ಸೀರೆ ಎತ್ತಿ ಕಟ್ಟಿ ಬಂಡೆಗೆ ಕಾಲಿಟ್ಟಳು. ಆಗಲೇ ಢಂ ಎಂದಿತು.

"ಹೋ! ಯಾರಿಗೋ ಗಂಡುಮಗು ಹುಟ್ಟಿತು!" ಎಂದಳು ಬೊಳ್ಳಮ್ಮ, ಅಭ್ಯಾಸಬಲದಿಂದ.

ಆ ಮಾತು ಬಾಯಲ್ಲಿರುವಾಗಲೇ ಇನ್ನೊಂದು ಢಂ.

ಇಬ್ಬರೂ ನಿಂತಲ್ಲೇ ಕಲ್ಲಾದರು. ಕೊಡಗಿನಲ್ಲಿ ಕೋವಿಗೂ ಒಂದು ಭಾಷೆಯಿದೆ. ಒಂದು ಗುಂಡಾದರೆ ಗಂಡುಮಗು. ಒಂದರ ಹಿಂದೆ ಇನ್ನೊಂದಾದರೆ ಸಾವು. ಕೇಳಿದವರು ಹಿಡಿದ ಕೆಲಸವನ್ನು ಅಲ್ಲಿಯೇ ಬಿಟ್ಟು ಸಾವಿನ ಮನೆಗೆ ನಡೆಯಬೇಕು. ಮೊದಲ ಗುಂಡು ಅಲೆಯ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಎಂಬ ದಿಗಿಲಿನಲ್ಲಿ ನಾಣಯ್ಯ ಎರಡನೆಯದನ್ನೂ ಹಾರಿಸಿದ್ದ. ತನ್ನ ಊರಿನಲ್ಲಾಗಿದ್ದರೆ ಕೈ ಕಡಿದರೂ ಹಾಗೆ ಮಾಡುವವನಲ್ಲ.

ಬೊಳ್ಳಮ್ಮ ಚಿಪ್ಪಿನ ಮೇಲೆ ಕುಕ್ಕರಿಸಿ ಎದೆ ಬಡಿದುಕೊಂಡು "ಅಯ್ಯೋ..." ಎಂದು ರಾಗ ತೆಗೆದಳು. ಅಲ್ಲಿಗೇ ನಿಂತಿತು. "ಪೂವಮ್ಮ, ಯಾರ ಹೆಸರು ಹಿಡಿದು ಅಳೊಕು ನಾನು?"

ತಂಡೇಲ ಓಡಿಬಂದ. "ಎಂತದು ಮಾರಾಯ್ರೆ ಗಲಾಟೆ? ಹಾವು ಕಚ್ಚಿತಾ?"

"ಸಾವಾಗಿದೆ!"

"ಇಲ್ಲಿ ಯಾರೂ ಸತ್ತದ್ದು ಕಾಣುದಿಲ್ಲ ಅಮ್ಮ. ಲೆಕ್ಕ ಸರಿ ಉಂಟು."

ಪೂವಮ್ಮ ಮಾತ್ರ ಒಂದು ಕಾಲು ಬಂಡೆಯ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡು ಯೋಚಿಸಿದಳು. "ಅತ್ತಿಗೇ, ಆ ದಡದಲ್ಲಿ ನಮ್ಮೋರು ಅಂತ ಇರೋದು ಒಬ್ಬರೇ. ಕೋವಿ ಇರೋದೂ ಅವರ ಹತ್ರವೇ. ಸತ್ತವರು ಎದ್ದು ಗುಂಡು ಹೊಡೀತಾರಾ?"

"ಬೇರೆ ಯಾರಾದ್ರೂ ಹೊಡೆದಿದ್ರೆ?"

"ನನ್ನ ಕೈಗೇ ಕೊಡದ ಕೋವೀನ ಬೇರೆಯವರಿಗೆ ಕೊಡ್ತಾರಾ?"

"ಸತ್ತ ಮೇಲೆ ಕೊಡದೆ ಎಂಥ ಮಾಡ್ತಾನೆ?" ಎಂದು ಬೊಳ್ಳಮ್ಮ ಕೂಗಿದಳು.

ಆ ಮಾತು ಪೂವಮ್ಮನ ಎದೆಗೆ ನಾಟಿತು. ಈಗ ಇಳಿದು ಹೋದರೆ ಬಂಡೆ ಈ ಜನ್ಮಕ್ಕಿಲ್ಲ. ನಾಣಯ್ಯ ಇನ್ನೊಮ್ಮೆ ಘಟ್ಟ ಇಳಿಯುವವನಲ್ಲ. ಹತ್ತಿ ನಿಂತಾಗ ಅತ್ತ ನಿಜವಾಗಿ ಏನಾದರೂ ಆಗಿದ್ದರೆ, ಗಂಡನ ಸಾವಿನ ಗುಂಡು ಕೇಳಿಯೂ ನೀರು ನೋಡಲು ಹೋದವಳೆಂದು ಗಾಳಿಬೀಡು ಮಾತ್ರವಲ್ಲ, ಮೂರ್ನಾಡಿನವರೆಗೂ ಹೆಸರಾಗುತ್ತದೆ. ಬಂಡೆಯ ನೆತ್ತಿಯನ್ನು ನೋಡಿದಳು, ದೋಣಿಯನ್ನು ನೋಡಿದಳು.

"ತಂಡೇಲರೇ, ಮೇಲಿಂದ ದಡ ಕಾಣ್ತದಾ?"

"ಚೆಂದ ಕಾಣ್ತದೆ."

"ಹಾಗಾದ್ರೆ ನಾ ಅವರನ್ನೇ ನೋಡೊಕೆ ಹತ್ತೋದು. ದೇವರಾಣೆ, ಕಡಲು ನೋಡೊಕಲ್ಲ," ಎಂದವಳೇ, ಕಂಬಗಲ್ಲುಗಳನ್ನು ಹಿಡಿದು ಹತ್ತಿಯೇ ಬಿಟ್ಟಳು.

ಮಾತಿಗೆ ತಪ್ಪಲಿಲ್ಲ. ಮೇಲೆ ನಿಂತು ಮೊದಲು ಮೂಡಣ ದಿಕ್ಕಿಗೇ ಮುಖ ಮಾಡಿದಳು. ಬೆನ್ನ ಹಿಂದೆ ಕಡಲು ಬಂಡೆಗೆ ಅಪ್ಪಳಿಸಿ ತಲೆಗೂದಲನ್ನೆಲ್ಲ ತೋಯಿಸಿದರೂ ತಿರುಗಲಿಲ್ಲ. ದಡದಲ್ಲಿ ನಾಣಯ್ಯ ಇರಲಿಲ್ಲ. ಚಾಪೆ ಮಾತ್ರ ಬಿದ್ದಿತ್ತು. ಆಕೆ ದಡದುದ್ದಕ್ಕೂ ಕಣ್ಣಾಡಿಸಿದಳು. ಅಷ್ಟರಲ್ಲಿ ನೀರಿನ ಮೇಲೆ ಚಿಕ್ಕದೊಂದು ದೋಣಿ ಕಾಣಿಸಿತು. ಇಬ್ಬರು ಹುಟ್ಟು ಹಾಕುತ್ತಿದ್ದರು. ನಡುವೆ ಒಬ್ಬ ಮನುಷ್ಯ ಕೋವಿಯನ್ನು ಎರಡೂ ಕೈಗಳಿಂದ ತಬ್ಬಿಕೊಂಡು, ಮುಖವನ್ನು ಮಂಡಿಗಳ ನಡುವೆ ಹುದುಗಿಸಿ ಕುಳಿತಿದ್ದ. ಎರಡು ಗುಂಡಿಗೂ ಯಾರೂ ಹೊರಟು ಬಾರದಿರಲು, ಹೆಂಡತಿಯೂ ಅಕ್ಕನೂ ಮುಳುಗಿಹೋದರೆಂದು ಬಗೆದು, ಯಾರನ್ನೋ ಕಾಡಿ ಬೇಡಿ, ಜೀವಮಾನದಲ್ಲಿ ಮೊದಲ ಸಲ ಯಾರ ಸೆರಗೂ ಇಲ್ಲದೆ ದೋಣಿ ಹತ್ತಿದ್ದ.

ಪೂವಮ್ಮ ಕಣ್ಣೊರೆಸಿಕೊಂಡಳು. ಆಮೇಲೆ ಆಣೆ ತೀರಿತೆಂದುಕೊಂಡು ನಿಧಾನವಾಗಿ ಪಡುವಣಕ್ಕೆ ತಿರುಗಿದಳು.

ಕೆಳಗೆ ಬೊಳ್ಳಮ್ಮ, ನಾಣಯ್ಯ ದೋಣಿಯಿಂದಿಳಿಯುವ ಮೊದಲೇ ಶುರುಮಾಡಿದಳು: "ಸಾಯದೆ ಎರಡು ಗುಂಡು ಹೊಡೆಯೋದಾ, ಮೂರ್ಖ! ನನ್ನ ಅಳು ಗಂಟಲಲ್ಲೇ ಸಿಕ್ಕಿ ಕೂತಿದೆ!"

"ಎಲ್ಲಿ ಅವಳು?" ಎಂದ ನಾಣಯ್ಯ. ಬೇರೇನೂ ಆತನಿಗೆ ಕೇಳಿಸಿರಲಿಲ್ಲ. ಬೊಳ್ಳಮ್ಮ ಮೇಲಕ್ಕೆ ಕೈ ತೋರಿಸಿದಳು.

ನಾಲ್ಕು ಕಾಲಿನಲ್ಲಿ ಹತ್ತುವುದು ಹೇಗೂ ರೂಢಿಯಾಗಿತ್ತು. ನಾಣಯ್ಯ ಬಂದು ಹೆಂಡತಿಯ ಪಕ್ಕದಲ್ಲಿ ಕುಳಿತು, ಬಹಳ ಹೊತ್ತಿನ ಮೇಲೆ ಒಂದು ಕಣ್ಣು ತೆರೆದ. ಆಮೇಲೆ ಇನ್ನೊಂದು.

"ಇಷ್ಟೊಂದು ನೀರು! ಯಾರಿಗೆ ಬೇಕಾಗಿತ್ತು ಇದು?"

"ನಂಗೆ," ಎಂದಳು ಪೂವಮ್ಮ.

ಹೊತ್ತು ವಾಲಿತು. ಬಸ್ಸು ತಪ್ಪುತ್ತದೆಂದು ತಂಡೇಲ ಕೆಳಗಿನಿಂದ ಕೂಗಿದ. ಪೂವಮ್ಮ ಅಲುಗಲಿಲ್ಲ. ನಾಣಯ್ಯ ಕೆಳಗೆ ತೂಗಾಡುತ್ತಿದ್ದ ದೋಣಿಯನ್ನು ನೋಡಿದ, ಹೆಂಡತಿಯ ಮುಖವನ್ನು ನೋಡಿದ. ಆಮೇಲೆ ಬಂಡೆಯಂಚಿನಿಂದ ಗಟ್ಟಿಯಾಗಿ ಕೂಗಿ ಹೇಳಿದ:

"ಬಸ್ಸು ನಾಳೆಯೂ ಉಟ್ಟು. ಅವಳು ಇನ್ನೂ ನೋಡ್ತಾ ಇದ್ದಾಳೆ, ಸುಮ್ನಿರಿ."